ಲ್ಯಾಬಕ್ಕನ ಗಾಳಿಯ ಕಂಬ

ಆ ಹೈಸ್ಕೂಲಿನಲ್ಲಿ ಒಂದು ಪ್ರಯೋಗಾಲಯವಿತ್ತು. ಪ್ರಯೋಗ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಲ್ಲಿ ನಡೆಯುತ್ತಿತ್ತು. ಮೇಷ್ಟ್ರುಗಳ ಮಧ್ಯಾಹ್ನದ ಊಟ ಅಲ್ಲೇ, ಕಾಲು ಮುರಿದ ಬೆಂಚುಗಳ ವಿಶ್ರಾಂತಿ ಅಲ್ಲೇ, ಜ್ವರ ಬಂದ ಮಕ್ಕಳನ್ನು ಮಲಗಿಸುವುದೂ ಅಲ್ಲೇ. ಗೋಡೆಗೆ ಒರಗಿಸಿಟ್ಟ ಎರಡು ಗಾಜಿನ ಬೀರುಗಳಲ್ಲಿ ಮಾತ್ರ ವಿಜ್ಞಾನವಿತ್ತು. ಬೀಗ ಜಡಿಸಿಕೊಂಡು, ಧೂಳು ಹೊದ್ದುಕೊಂಡು, ಯಾರ ಗೊಡವೆಯೂ ಇಲ್ಲದೆ ಸುಖವಾಗಿತ್ತು.

ಆ ಸುಖಕ್ಕೆ ಕಾವಲಿದ್ದವಳು ಲ್ಯಾಬಕ್ಕ. ಮನೆಯವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಮಕ್ಕಳು ಇಟ್ಟ ಹೆಸರಿನ ಮುಂದೆ ಅದು ಸಂಬಳದ ದಿನ ಬಿಟ್ಟರೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಇಪ್ಪತ್ತನಾಲ್ಕನೇ ವಯಸ್ಸಿಗೆ ಅಟೆಂಡರ್ ಕೆಲಸಕ್ಕೆ ಬಂದ ದಿನ, ನಿವೃತ್ತನಾಗುತ್ತಿದ್ದ ಹಳೇ ಅಟೆಂಡರು ಬೀಗದ ಕೈ ಗೊಂಚಲನ್ನು ಅವಳ ಕೈಗಿಟ್ಟು ಉಪದೇಶ ಮಾಡಿದ್ದ.

"ನೋಡಮ್ಮ, ಈ ಕೆಲಸದಲ್ಲಿ ಒಂದೇ ನಿಯಮ. ಏನೂ ಒಡೀಬಾರದು. ಒಡೀಬಾರದು ಅಂದ್ರೆ ಯಾರಿಗೂ ಮುಟ್ಟೋಕೆ ಕೊಡಬಾರದು."

"ಮತ್ತೆ ಪ್ರಯೋಗ?"

ಮುದುಕ ಅವಳನ್ನು ಕನಿಕರದಿಂದ ನೋಡಿದ. "ಅದಕ್ಕೇ ಅಲ್ವಾ ಕರೀ ಹಲಗೆ ಇರೋದು?"

ಆ ಹಲಗೆಯ ಒಡೆಯರು ವಿಜ್ಞಾನದ ಮೇಷ್ಟ್ರು. ಅವರನ್ನು ಎಲ್ಲರೂ ನೋಟ್ಸ್ ಮೇಷ್ಟ್ರು ಅನ್ನುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ. ಮುತ್ತು ಪೋಣಿಸಿದಂಥ ಅಕ್ಷರ, ಬಣ್ಣಬಣ್ಣದ ಸೀಮೆಸುಣ್ಣ, ಪ್ರತಿ ಪಾಠಕ್ಕೂ ಕಂಠಪಾಠವಾಗಿದ್ದ ನೋಟ್ಸು. ಶಬ್ದದ ಪಾಠ ಬಂತೆಂದರೆ ಹಲಗೆಯ ಮೇಲೆ ಉದ್ದನೆಯ ಗಾಜಿನ ಕೊಳವೆ ಮೂಡುತ್ತಿತ್ತು. ಅದರಲ್ಲಿ ನೀಲಿ ನೀರು, ನೀರಿನ ಮೇಲೆ ಗಾಳಿಯ ಕಂಬ, ಕೊಳವೆಯ ಬಾಯಿಗೆ ಹಿಡಿದ, ಬಡಿದರೆ ಗುನುಗುವ ಉಕ್ಕಿನ ಶ್ರುತಿಕವೆ, ಗಾಳಿಯಲ್ಲಿ ಹಳದಿ ಅಲೆಗಳು. ಆ ಚಿತ್ರದಲ್ಲಿ ನೀರು ಎಂದೂ ಚೆಲ್ಲುತ್ತಿರಲಿಲ್ಲ, ಕೊಳವೆ ಎಂದೂ ಒಡೆಯುತ್ತಿರಲಿಲ್ಲ, ಶಬ್ದವಂತೂ ಎಂದೂ ಬರುತ್ತಿರಲಿಲ್ಲ. "ಈಗ ಶಬ್ದ ಜೋರಾಗಿ ಕೇಳಿಸುತ್ತದೆ, ಬರ್ಕೊಳ್ಳಿ," ಅನ್ನುತ್ತಿದ್ದರು ಮೇಷ್ಟ್ರು. ಸೂಜಿ ಬಿದ್ದರೂ ಕೇಳಿಸುವಂಥ ಮೌನದಲ್ಲಿ ಅರವತ್ತು ತಲೆಗಳು ಬಗ್ಗಿ 'ಶಬ್ದ ಜೋರಾಗಿ ಕೇಳಿಸುತ್ತದೆ' ಎಂದು ಬರೆದುಕೊಳ್ಳುತ್ತಿದ್ದವು.

ಮೇಷ್ಟ್ರು ಹಲಗೆಯ ಮೇಲೆ ವಿಜ್ಞಾನ ಮಾಡುತ್ತಿದ್ದರೆ ಲ್ಯಾಬಕ್ಕನಿಗೆ ಮಾಡಲು ಏನೂ ಇರಲಿಲ್ಲ. ಬೀಗ ಕಾಯುವುದು ದೊಡ್ಡ ಜವಾಬ್ದಾರಿ ನಿಜ, ಆದರೆ ಬೀಗದ ಜೊತೆ ಎಷ್ಟು ಹೊತ್ತು ಮಾತಾಡಲು ಸಾಧ್ಯ? ಬೇಸರ ತಡೆಯಲಾರದೆ ಬೀರುವಿನ ತಳದಲ್ಲಿದ್ದ, ಇಲಿ ಮೂಲೆ ಕಚ್ಚಿದ ಪ್ರಯೋಗ ಕೈಪಿಡಿಯನ್ನು ತೆಗೆದು ಓದತೊಡಗಿದಳು. 'ವಾಯುಸ್ತಂಭದಲ್ಲಿ ಅನುರಣನೆ' ಎಂಬ ತಲೆಬರಹ ಕಂಡಾಗ ಇದು ಹೊಟ್ಟೆಯುಬ್ಬರದ ಔಷಧದ ವಿಷಯ ಅಂದುಕೊಂಡಳು. ಅವಳ ಅತ್ತೆಗೆ ಆ ತೊಂದರೆ ಇದ್ದದ್ದರಿಂದ ಭಾರೀ ಆಸಕ್ತಿಯಿಂದಲೇ ಮುಂದೆ ಓದಿದಳು. ಔಷಧ ಸಿಗಲಿಲ್ಲ. ಆದರೆ ವಾಯುಸ್ತಂಭವೆಂದರೆ ಕೊಳವೆಯೊಳಗೆ ನಿಂತ ಗಾಳಿ ಅಷ್ಟೇ ಎಂದು ತಿಳಿಯಿತು. ಆ ಗಾಳಿಯನ್ನು ಸರಿಯಾದ ಉದ್ದಕ್ಕೆ ತಂದರೆ ಅದು ತಾನಾಗಿ ಹಾಡುತ್ತದೆ ಎಂದು ಕೈಪಿಡಿ ಹೇಳುತ್ತಿತ್ತು.

ಹಾಡುವ ಗಾಳಿಯೇ? ಅದನ್ನು ನಂಬಬೇಕಾದರೆ ಕೇಳಬೇಕಾಗಿತ್ತು. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಬೀರು ತೆರೆದಳು. ಒಂದು ಮೀಟರ್ ಉದ್ದದ ಗಾಜಿನ ಕೊಳವೆ, ಅದರ ಬುಡಕ್ಕೆ ರಬ್ಬರ್ ನಳಿಗೆ, ನಳಿಗೆಯ ಇನ್ನೊಂದು ತುದಿಗೆ ತಗಡಿನ ಪಾತ್ರೆ. ಪಾತ್ರೆಯನ್ನು ಎತ್ತಿದರೆ ಕೊಳವೆಯಲ್ಲಿ ನೀರು ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿದ್ದ ಶ್ರುತಿಕವೆಯನ್ನು ತೆಗೆದು ಮೊಣಕೈಗೆ ಬಡಿದುಕೊಂಡಳು. ಜೀವ ಹೋಗುವಷ್ಟು ನೋವಾಯಿತು, ಕವೆ ಮಾತ್ರ ಸೊಳ್ಳೆಯಷ್ಟು ಗುನುಗಿತು. ಅದನ್ನು ಕೊಳವೆಯ ಬಾಯಿಗೆ ಹಿಡಿದು ನೀರನ್ನು ಮೆಲ್ಲಗೆ ಇಳಿಸಿದಳು. ಮೊದಲು ಏನೂ ಇಲ್ಲ. ಹದಿನಾರು ಸೆಂಟಿಮೀಟರಿನ ಹತ್ತಿರ ಬರುತ್ತಿದ್ದಂತೆ ಕೊಳವೆಯೊಳಗಿಂದ ಯಾರೋ 'ಹೂಂ' ಎಂದು ಓಗೊಟ್ಟ ಹಾಗೆ ದನಿ ಎದ್ದಿತು. ಬೆಚ್ಚಿಬಿದ್ದು ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಅವತ್ತಿನಿಂದ ಆ ಪ್ರಯೋಗಾಲಯದಲ್ಲಿ ಪ್ರಯೋಗ ಮಾಡುವವರು ಒಬ್ಬರಾದರು. ಪ್ರಯೋಗ ಮಾಡುವ ಅಧಿಕಾರ ಇಲ್ಲದವಳು ಆ ಶಾಲೆಯಲ್ಲಿ ಅವಳೊಬ್ಬಳೇ ಎಂಬುದು ಬೇರೆ ಮಾತು.

ಈ ಸಂಗತಿಯನ್ನು ಮನೆಯಲ್ಲಿ ಹೇಳಿದಾಗ ಯಾರೂ ಅಷ್ಟೇನೂ ಆಶ್ಚರ್ಯಪಡಲಿಲ್ಲ. ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ನಾಲಗೆಗೆ ಬಂದಿರಲಿಲ್ಲ. ಒಳಗಿನ ಕೋಣೆಯಲ್ಲಿ ಮಲಗಿಕೊಂಡೇ, ಹಿತ್ತಲ ನಲ್ಲಿಯ ಕೆಳಗಿಟ್ಟ ಕೊಡ ಕುತ್ತಿಗೆಯವರೆಗೆ ಬಂದದ್ದನ್ನು ಕಿವಿಯಿಂದಲೇ ಹಿಡಿದು, "ನಿಲ್ಸೇ, ತುಂಬ್ತು!" ಎಂದು ಕೂಗುತ್ತಿದ್ದವಳು ಅವಳು.

"ನೋಡಿ ಅತ್ತೆ, ನೀರು ಏರಿದ ಹಾಗೆ ಮೇಲಿರೋ ಗಾಳಿ ಗಿಡ್ಡ ಆಗತ್ತೆ. ಗಾಳಿ ಗಿಡ್ಡ ಆದ ಹಾಗೆ ದನಿ ಏರತ್ತೆ. ನಿಮಗೆ ಕೇಳ್ಸೋದು ಅದೇ," ಎಂದು ಲ್ಯಾಬಕ್ಕ ವಿವರಿಸಿದಳು.

"ಇದನ್ನ ತಿಳ್ಕೊಳ್ಳೋಕೆ ನಿನಗೆ ಸಂಬಳ ಬೇರೆ ಕೊಡ್ತಾರಾ?" ಎಂದಳು ಅತ್ತೆ. "ನಾನು ನಲವತ್ತು ವರ್ಷದಿಂದ ಬಿಟ್ಟಿ ಮಾಡ್ತಿದೀನಿ."

ಗಂಡ ನಲ್ಲಿ, ಕೊಳಾಯಿ ರಿಪೇರಿ ಮಾಡುವವನು. ಹೆಂಡತಿ ಅವನ ಚೀಲದಿಂದ ಪ್ಲಾಸ್ಟಿಕ್ ಪೈಪಿನ ತುಂಡುಗಳನ್ನು ಆರಿಸಿಕೊಳ್ಳುವುದನ್ನು ನೋಡಿ, "ಬೇರೆಯವರ ಹೆಂಡ್ತೀರು ಓಲೆ ಕೇಳ್ತಾರೆ, ಬಳೆ ಕೇಳ್ತಾರೆ. ನನ್ನ ಪುಣ್ಯ, ಇವಳಿಗೆ ಒಂದೂವರೆ ಇಂಚಿನ ಪೈಪು ಸಾಕು," ಎಂದು ನಗುತ್ತಿದ್ದ. ಆದರೂ ಅವಳು ಹೇಳಿದ ಅಳತೆಗೆ ಕೊಯ್ದು, ಅಂಚು ಉಜ್ಜಿ ನಯ ಮಾಡಿ ಕೊಡುತ್ತಿದ್ದ. ಗಾಜಿನ ಕೊಳವೆ ಒಡೆದರೆ ಕೆಲಸ ಹೋಗುತ್ತದೆ, ಪ್ಲಾಸ್ಟಿಕ್ ಪೈಪು ಬಿದ್ದರೆ ಶಬ್ದ ಮಾತ್ರ ಆಗುತ್ತದೆ. ಹಾಗಾಗಿ ಲ್ಯಾಬಕ್ಕ ಕ್ರಮೇಣ ಪೈಪಿಗೇ ಒಗ್ಗಿಕೊಂಡಳು. ಒಂದು ಬಕೆಟ್ ನೀರು, ಅದರಲ್ಲಿ ಮುಳುಗಿಸಿದ ಪೈಪು. ಪೈಪನ್ನು ಮೇಲೆತ್ತಿದರೆ ಗಾಳಿಯ ಕಂಬ ಉದ್ದ, ಕೆಳಗಿಳಿಸಿದರೆ ಗಿಡ್ಡ. ಕೈಪಿಡಿಯಲ್ಲಿ ಮೂರು ಪುಟ ಬರೆದದ್ದು ಬಕೆಟ್ಟಿನಲ್ಲಿ ಹಿಡಿಸಿತು.

ಹೀಗೆ ಇಪ್ಪತ್ತೆರಡು ವರ್ಷ ಕಳೆಯಿತು. ಬೀರುಗಳಲ್ಲಿ ಏನೂ ಒಡೆಯಲಿಲ್ಲ. ಶಾಲೆಗೆ ಅದೊಂದು ಹೆಮ್ಮೆ.

ಅಷ್ಟರಲ್ಲಿ ಮೇಲಿನಿಂದ ಒಂದು ಪತ್ರ ಬಂತು: ಇನ್ನು ನಾಲ್ಕು ದಿನಕ್ಕೆ ತಪಾಸಣೆ, ಶಾಲೆಯಲ್ಲಿ 'ಚಟುವಟಿಕೆ ಆಧಾರಿತ ಬೋಧನೆ' ಹೇಗೆ ನಡೆಯುತ್ತಿದೆ ಎಂದು ನೋಡಲಾಗುವುದು. ಹೆಡ್ಮಾಸ್ಟರನ್ನು ಎಲ್ಲರೂ ದೊಡ್ಡ ಮೇಷ್ಟ್ರು ಅನ್ನುತ್ತಿದ್ದರು. ದೊಡ್ಡದೇನಿತ್ತೆಂದರೆ ಗಾಬರಿ. ಕೂಡಲೇ ಚಟುವಟಿಕೆ ಶುರುವಾಯಿತು. ಗೋಡೆಗಳಿಗೆ ಅಧಿಕಾರಿಯ ಕಣ್ಣು ಹಾಯುವ ಎತ್ತರದವರೆಗೆ ಸುಣ್ಣವಾಯಿತು. ಮುರಿದ ಬೆಂಚುಗಳು ಪ್ರಯೋಗಾಲಯದಿಂದ ಎದ್ದು ಶೌಚಾಲಯದ ಹಿಂದೆ ಹೋಗಿ ಮಲಗಿದವು. ಜ್ವರ ಬರುವ ಮಕ್ಕಳಿಗೆ ಆ ವಾರ ಬರಬೇಡಿ ಎಂದು ಹೇಳಲಾಯಿತು. ವೇಳಾಪಟ್ಟಿ ನೋಡಿದರೆ ಆ ದಿನ ವಿಜ್ಞಾನದ ತರಗತಿಯಲ್ಲಿದ್ದದ್ದು ಶಬ್ದದ ಪಾಠ.

ತಪಾಸಣೆಯ ಹಿಂದಿನ ದಿನ ನೋಟ್ಸ್ ಮೇಷ್ಟ್ರು ಪ್ರಯೋಗಾಲಯಕ್ಕೆ ಬಂದು ಬೀರು ತೆಗೆಸಿದರು. ಇಪ್ಪತ್ತೈದು ವರ್ಷ ಚಿತ್ರ ಬರೆದ ಕೊಳವೆಯನ್ನು ಮೊದಲ ಸಲ ಮುಖಾಮುಖಿ ಕಂಡು, "ಓ, ಇಷ್ಟು ಉದ್ದ ಇರುತ್ತಾ?" ಎಂದರು.

ಲ್ಯಾಬಕ್ಕ ರಬ್ಬರ್ ನಳಿಗೆಯನ್ನು ಬಗ್ಗಿಸಿ ತೋರಿಸಿದಳು. ಮಡಿಕೆಯಲ್ಲೆಲ್ಲ ಬಿರುಕು. "ಸಾರ್, ಇದರಲ್ಲಿ ಪ್ರಾಣ ಇಲ್ಲ. ನನ್ನ ಹತ್ರ ಬೇರೆ ಒಂದು ಪೈಪಿದೆ..."

"ಒಂದು ದಿನದ ಮಟ್ಟಿಗೆ ತಡೀತದೆ ಬಿಡಿ," ಎಂದರು ಮೇಷ್ಟ್ರು.

ದೊಡ್ಡ ಮೇಷ್ಟ್ರು ಕೆಲಸ ಹಂಚಿದರು. "ಮೇಷ್ಟ್ರು ಮಾತಾಡ್ತಾರೆ. ನೀನು ಪಾತ್ರೆ ಎತ್ತು ಅಂದಾಗ ಎತ್ತಮ್ಮ, ಇಳಿಸು ಅಂದಾಗ ಇಳಿಸು. ಬಾಯಿ ಮಾತ್ರ ಬಿಡಬೇಡ."

"ಆಯ್ತು ಸಾರ್," ಎಂದಳು ಲ್ಯಾಬಕ್ಕ. ಇಪ್ಪತ್ತೆರಡು ವರ್ಷ ಬಿಡದ ಬಾಯಿ, ಅದಕ್ಕೇನು ಕಷ್ಟ? ಆದರೂ ಮಾರನೆಯ ದಿನ ಬೆಳಗ್ಗೆ ಬೇಗ ಬಂದು ತನ್ನ ಪೈಪು, ಪೈಪಿನ ತುಂಡುಗಳ ಚೀಲ, ಬಕೆಟ್ಟು ಮೂರನ್ನೂ ತರಗತಿಯ ಮೂಲೆಯಲ್ಲಿ ಕಸಪೊರಕೆಯ ಪಕ್ಕ ಇಟ್ಟಳು. ಬಕೆಟ್ಟಿಗೆ ನೀರೂ ತುಂಬಿದಳು. ನೆಲ ಒರೆಸುವುದಕ್ಕೆ ಇರಬೇಕೆಂದು ಎಲ್ಲರೂ ತಿಳಿದರು.

ತಪಾಸಣೆಗೆ ಬಂದವರು ಒಬ್ಬ ಮೇಡಂ. ಪುಟ್ಟ ಆಕೃತಿ, ದೊಡ್ಡ ಚೀಲ. ಮುಂದೆ ಹಾಕಿದ್ದ ಮೆತ್ತೆಯ ಕುರ್ಚಿಯನ್ನು ಬಿಟ್ಟು ಕೊನೆಯ ಬೆಂಚಿನಲ್ಲಿ ಮಕ್ಕಳ ಜೊತೆ ಹೋಗಿ ಕೂತರು. ದೊಡ್ಡ ಮೇಷ್ಟ್ರ ರಕ್ತದೊತ್ತಡ ಅಲ್ಲಿಂದಲೇ ಏರತೊಡಗಿತು.

ನೋಟ್ಸ್ ಮೇಷ್ಟ್ರು ಶ್ರುತಿಕವೆಯನ್ನು ಎತ್ತಿ ಮೇಜಿನ ಅಂಚಿಗೆ ಬಾರಿಸಿದರು. 'ಟಣ್' ಎಂದಿತು. ಶಾಲೆ ಬಿಟ್ಟಿತೇನೋ ಎಂದು ಹಿಂದಿನ ಬೆಂಚಿನವನೊಬ್ಬ ಚೀಲ ಎತ್ತಿಕೊಂಡ. ಮೇಷ್ಟ್ರು ಕವೆಯನ್ನು ಕೊಳವೆಯ ಬಾಯಿಗೆ ಹಿಡಿದು, "ಇಳಿಸಿ" ಎಂದರು. ಲ್ಯಾಬಕ್ಕ ಪಾತ್ರೆ ಇಳಿಸಿದಳು. ನೀರು ಇಳಿಯುವ ಹೊತ್ತಿಗೆ ಕವೆಯ ಉಸಿರು ನಿಂತಿತ್ತು. ಏನೂ ಕೇಳಿಸಲಿಲ್ಲ. ಮೇಷ್ಟ್ರಿಗೆ ಅದರಿಂದೇನೂ ತೊಂದರೆಯಾಗಲಿಲ್ಲ. ಅಭ್ಯಾಸಬಲದಿಂದ ಅವರು, "ಈಗ ಶಬ್ದ ಜೋರಾಗಿ ಕೇಳಿಸುತ್ತದೆ," ಎಂದರು. ಅಭ್ಯಾಸಬಲದಿಂದಲೇ ಅರವತ್ತು ತಲೆಗಳು ಬರೆಯಲು ಬಗ್ಗಿದವು.

"ನನಗೇನೂ ಕೇಳಿಸ್ಲಿಲ್ಲವಲ್ಲ," ಎಂದರು ಮೇಡಂ ಹಿಂದಿನಿಂದ. "ನಿಮಗ್ಯಾರಿಗಾದ್ರೂ ಕೇಳಿಸ್ತಾ ಮಕ್ಕಳೇ?"

ಮೊದಲ ಬೆಂಚಿನ ಜಾಣೆಯೊಬ್ಬಳು ಎದ್ದು ನಿಂತಳು. "ಕೇಳಿಸ್ತು ಮೇಡಂ."

"ಏನು ಕೇಳಿಸ್ತು?"

"ಶಬ್ದ ಜೋರಾಗಿ ಕೇಳಿಸುತ್ತದೆ ಅಂತ ಸಾರ್ ಹೇಳಿದ್ದು ಕೇಳಿಸ್ತು."

ಮೇಷ್ಟ್ರು ಬೆವರು ಒರೆಸಿಕೊಂಡು, "ಎತ್ತಿ, ಇನ್ನೊಂದ್ಸಲ ಎತ್ತಿ!" ಎಂದು ಲ್ಯಾಬಕ್ಕನಿಗೆ ಅವಸರ ಮಾಡಿದರು. ಅವಳು ಎತ್ತಿದಳು. ಪ್ರಾಣವಿಲ್ಲದ ನಳಿಗೆ ಅಲ್ಲಿಯವರೆಗೆ ತಡೆದದ್ದೇ ಹೆಚ್ಚು. 'ಫಟ್' ಎಂದು ಬುಡದಲ್ಲಿ ಒಡೆದು, ಇದ್ದ ನೀರನ್ನೆಲ್ಲ ಮೇಜಿನ ಮೇಲಿದ್ದ ನೋಟ್ಸಿಗೂ ಪಕ್ಕದಲ್ಲಿದ್ದ ದೊಡ್ಡ ಮೇಷ್ಟ್ರ ಪ್ಯಾಂಟಿಗೂ ಸಮನಾಗಿ ಹಂಚಿತು. ಮಕ್ಕಳು ನಗು ತಡೆಯಲು ಪಟ್ಟ ಪಾಡೇ ಅಂದಿನ ನಿಜವಾದ ಚಟುವಟಿಕೆ.

ಮೇಷ್ಟ್ರು ಕೈಯಲ್ಲಿ ಕವೆ ಹಿಡಿದು ಕಂಬದ ಹಾಗೆ ನಿಂತಿದ್ದರು. ಲ್ಯಾಬಕ್ಕನಿಗೆ ಅವರ ಮುಖ ನೋಡಿ ಅಯ್ಯೋ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ ಮೈಯೆಲ್ಲ ಉರಿಯಿತು. ಕೈಗೆಟಕುವ ದೂರದಲ್ಲಿ ಹಾಡುವ ಗಾಳಿ ಇಟ್ಟುಕೊಂಡು ಅರವತ್ತು ಮಕ್ಕಳು ಸುಳ್ಳು ಬರೆದುಕೊಳ್ಳುತ್ತಿದ್ದಾರಲ್ಲ! ಏನಾದರಾಗಲಿ ಎಂದು ಮೂಲೆಯಿಂದ ಬಕೆಟ್ಟು, ಪೈಪು ತಂದು ಮಧ್ಯಕ್ಕೆ ಇಟ್ಟಳು. ಮೇಷ್ಟ್ರ ಕೈಯಿಂದ ಕವೆಯನ್ನು ಬಿಡಿಸಿಕೊಂಡಳು. ಆಮೇಲೆ ಬಗ್ಗಿ ತನ್ನ ಎಡಗಾಲಿನ ರಬ್ಬರ್ ಚಪ್ಪಲಿಯನ್ನು ಕೈಗೆ ತೆಗೆದುಕೊಂಡಳು.

"ಅಯ್ಯೋ, ಏಯ್!" ಎಂದು ದೊಡ್ಡ ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಹಾರಿದರು. ಯಾರನ್ನು ಹೊಡೆಯುತ್ತಾಳೆಂದು ಅವರು ತಿಳಿದರೋ ಏನೋ. ಆತ್ಮಸಾಕ್ಷಿ ಇದ್ದವರು ಬೇಗ ಹೆದರುತ್ತಾರೆ.

ಅವಳು ಹೊಡೆದದ್ದು ಕವೆಯನ್ನು. ಚಪ್ಪಲಿಯ ಅಟ್ಟೆಗೆ 'ಟಪ್' ಎಂದು ಬಡಿದು ಪೈಪಿನ ಬಾಯಿಗೆ ಹಿಡಿದಳು. ಇನ್ನೊಂದು ಕೈಯಿಂದ ಪೈಪನ್ನು ನೀರಿನಿಂದ ಮೆಲ್ಲಗೆ, ಮೆಲ್ಲಗೆ ಮೇಲೆತ್ತಿದಳು. ಒಂದು ಗೇಣು ಬರುವಷ್ಟರಲ್ಲಿ 'ಹೂಂ' ಎಂದು ದನಿ ಎದ್ದಿತು. ಅದು ಮೇಜಿನ ಮೇಲಿನ ಟಣ್ ಅಲ್ಲ. ದುಂಡಗೆ, ತುಂಬಿಕೊಂಡು, ಕೋಣೆಯ ನಾಲ್ಕೂ ಗೋಡೆಗೆ ಒರಗಿ ನಿಂತ ದನಿ. ಕೊನೆಯ ಬೆಂಚಿನವರಿಗೂ ಕೇಳಿಸಿತು. ಇನ್ನೂ ಎತ್ತಿದಳು, ದನಿ ಮಾಯ. ಮತ್ತೆ ಬಡಿದು, ಮತ್ತೆ ಎತ್ತಿದಳು. ಅರ್ಧ ಮೀಟರಿನ ಹತ್ತಿರ ಅದೇ ದನಿ ಇನ್ನೊಂದು ಸಲ ಓಗೊಟ್ಟಿತು.

ಯಾರೂ ಬರೆದುಕೊಳ್ಳಲಿಲ್ಲ. ಎಲ್ಲರೂ ಕತ್ತು ಚಾಚಿ ನಿಂತಿದ್ದರು.

ಮೇಡಂ ಎದ್ದು ಬಂದು ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. "ಯಾಕೆ ಹೀಗಾಗತ್ತೆ?"

ನೋಟ್ಸ್ ಮೇಷ್ಟ್ರು ಸೂತ್ರ ಹೇಳಲು ಬಾಯಿ ತೆರೆದರು. ಮೇಡಂ ನೋಡಿದ್ದು ಲ್ಯಾಬಕ್ಕನನ್ನು. ಬಾಯಿ ಬಿಡಬೇಡ ಎಂಬ ಆಜ್ಞೆ ಅವಳಿಗೆ ನೆನಪಿತ್ತು. ಆದರೆ ಕೇಳಿದವರು ಆಜ್ಞೆ ಮಾಡಿದವರಿಗಿಂತ ಮೇಲಿನವರು.

"ಉಯ್ಯಾಲೆ ತಳ್ಳೋ ಹಾಗೆ ಮೇಡಂ," ಎಂದಳು. "ಹೊತ್ತಲ್ಲದ ಹೊತ್ತಲ್ಲಿ ಎಷ್ಟು ತಳ್ಳಿದ್ರೂ ಉಯ್ಯಾಲೆ ಏರಲ್ಲ, ನಮ್ಮ ಕೈಯೇ ನೋಯತ್ತೆ. ಅದು ಹಿಂದೆ ಬಂದು ತಿರುಗೋ ಹೊತ್ತಿಗೆ ಸರಿಯಾಗಿ ಒಂದೊಂದೇ ಸಣ್ಣ ತಳ್ಳು ಕೊಟ್ರೆ ಸಾಕು, ಆಕಾಶಕ್ಕೆ ಹೋಗತ್ತೆ. ಈ ಕವೆ ಗಾಳಿನ ತಳ್ತಾನೇ ಇರತ್ತೆ. ಒಳಗಿರೋ ಗಾಳಿಗೆ ಸರಿಯಾದ ಉದ್ದ ಸಿಕ್ಕಾಗ ಅದರ ಹೊತ್ತೂ ಕವೆಯ ಹೊತ್ತೂ ಕೂಡತ್ತೆ. ಆಗ ಹೀಗೆ ಹಾಡತ್ತೆ."

"ಉದ್ದ ಬೇರೆ ಆದ್ರೆ?"

ಅವಳು ಗಂಡ ಕೊಯ್ದುಕೊಟ್ಟಿದ್ದ ತುಂಡುಗಳನ್ನು ಮೂಲೆಯ ಚೀಲದಿಂದ ತೆಗೆದು, ಬುಡವನ್ನು ಅಂಗೈಯಿಂದ ಮುಚ್ಚಿ, ಬಾಯಿಯ ಅಂಚಿನ ಮೇಲೆ ಒಂದೊಂದಾಗಿ ಊದಿದಳು. ಉದ್ದದ್ದು ಗೂಬೆಯ ಹಾಗೆ ತಗ್ಗಿನಲ್ಲಿ ಗುಮ್ಮೆಂದಿತು, ಗಿಡ್ಡದ್ದು ಸೀಟಿಯ ಹಾಗೆ ಮೇಲೇರಿತು. "ಕಂಬ ಗಿಡ್ಡ ಆದಷ್ಟೂ ದನಿ ಏರತ್ತೆ. ನಮ್ಮ ಅತ್ತೆಗೆ ಕಣ್ಣು ಕಾಣ್ಸಲ್ಲ ಮೇಡಂ, ಆದ್ರೆ ಕೊಡ ತುಂಬಿದ್ದು ಹೀಗೇ ಗೊತ್ತಾಗತ್ತೆ."

ಆಮೇಲೆ ಮಕ್ಕಳನ್ನು ಹಿಡಿದು ಕೂರಿಸಲು ಯಾರಿಂದಲೂ ಆಗಲಿಲ್ಲ. ಗಂಟೆ ಬಾರಿಸಿದರೂ ಬಕೆಟ್ಟಿನ ಸುತ್ತ ನೂಕುನುಗ್ಗಲು.

ತಪಾಸಣೆಯ ವರದಿ ಹದಿನೈದು ದಿನಕ್ಕೆ ಬಂತು. ಮೇಡಂ ಏನು ಬರೆದಿದ್ದರೋ, ನಾಲ್ಕು ಮೇಜು ದಾಟಿ ಬರುವಷ್ಟರಲ್ಲಿ ಅದು ಹೀಗಾಗಿತ್ತು: 'ವಿಜ್ಞಾನ ಶಿಕ್ಷಕರು ಕಡಿಮೆ ವೆಚ್ಚದ ನವೀನ ಉಪಕರಣವನ್ನು ರೂಪಿಸಿ ಪರಿಣಾಮಕಾರಿಯಾಗಿ ಬೋಧಿಸಿರುವುದು ಶ್ಲಾಘನೀಯ. ಸಿಬ್ಬಂದಿಯ ಸಹಕಾರವಿತ್ತು.' ಸಿಬ್ಬಂದಿ ಅಂದರೆ ಲ್ಯಾಬಕ್ಕ. ಅದೇ ದಿನ ಸಿಬ್ಬಂದಿಗೂ ಒಂದು ಕಾಗದ ಬಂತು, ದೊಡ್ಡ ಮೇಷ್ಟ್ರ ಸಹಿ ಹೊತ್ತು. 'ಅಧಿಕಾರಿಗಳ ಸಮ್ಮುಖದಲ್ಲಿ ಪಾದರಕ್ಷೆಯನ್ನು ಕೈಯಲ್ಲಿ ಹಿಡಿದು ಅಶಿಸ್ತಿನಿಂದ ವರ್ತಿಸಿದ್ದಕ್ಕೆ ಹಾಗೂ ರಬ್ಬರ್ ನಳಿಗೆ ಒಡೆದದ್ದಕ್ಕೆ ಮೂರು ದಿನಗಳೊಳಗೆ ಲಿಖಿತ ಕಾರಣ ನೀಡತಕ್ಕದ್ದು.' ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಆ ಶಾಲೆಯಲ್ಲಿ ಮೊದಲಿನಿಂದ ಬಂದ ಚಿಕಿತ್ಸೆ.

ಮನೆಯಲ್ಲಿ ಗಂಡ ಕಾಗದ ಓದಿ ರೇಗಿದ. "ತಪ್ಪಾಯ್ತು ಅಂತ ಬರೆದುಬಿಡು, ಪೀಡೆ ಕಳೀಲಿ."

"ತಪ್ಪೆಲ್ಲಿ ಆಯ್ತು, ಹೇಳಿ ನೋಡೋಣ?" ಎಂದಳು ಅವಳು.

ಅತ್ತೆ ಒಳಗಿನಿಂದ, "ಇನ್ನೊಂದು ಕಾಲಿನ ಚಪ್ಪಲೀನೂ ತೆಗೀಬೇಕಾಗಿತ್ತು ಅಂತ ಬರಿ," ಎಂದಳು.

ಲ್ಯಾಬಕ್ಕ ಬರೆದ ಉತ್ತರ ಐದೇ ಸಾಲಿನದು. 'ಶ್ರುತಿಕವೆಯನ್ನು ರಬ್ಬರಿಗೆ ಹೊಡೆಯಬೇಕು ಎಂದು ಕೈಪಿಡಿಯ ನಲವತ್ತೊಂದನೇ ಪುಟದಲ್ಲಿದೆ. ಪೆಟ್ಟಿಗೆಯಲ್ಲಿರಬೇಕಾದ ರಬ್ಬರ್ ಸುತ್ತಿಗೆ ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಇಲ್ಲ. ಆ ದಿನ ವಿಜ್ಞಾನ ಮೇಷ್ಟ್ರ ಬೂಟು ಚರ್ಮದ್ದು, ತಮ್ಮ ಬೂಟೂ ಚರ್ಮದ್ದು. ತರಗತಿಯಲ್ಲಿ ರಬ್ಬರು ಇದ್ದದ್ದು ನನ್ನ ಕಾಲಲ್ಲಿ ಮಾತ್ರ. ನಳಿಗೆಗೆ ವಯಸ್ಸಾಗಿತ್ತು, ಉಪಯೋಗಿಸದೆ ಸತ್ತಿತು.'

ದೊಡ್ಡ ಮೇಷ್ಟ್ರು ಅದನ್ನು ಮೂರು ಸಲ ಓದಿ, ಕೈಪಿಡಿ ತರಿಸಿ ನಲವತ್ತೊಂದನೇ ಪುಟ ನೋಡಿ, ಇಲಿ ಕಚ್ಚಿ ಉಳಿಸಿದ ಭಾಗದಲ್ಲೇ ಆ ವಾಕ್ಯ ಇದ್ದದ್ದಕ್ಕೆ ಇಲಿಯನ್ನು ಶಪಿಸಿ, ಕಾಗದವನ್ನು ಫೈಲಿಗೆ ಸೇರಿಸಿದರು. ಆ ಕಚೇರಿಯಲ್ಲಿ ಫೈಲಿಗೆ ಸೇರಿದ್ದು ಸ್ವರ್ಗಕ್ಕೆ ಸೇರಿದ ಹಾಗೆ, ವಾಪಸು ಬರುವುದಿಲ್ಲ.

ಇತ್ತ ನೋಟ್ಸ್ ಮೇಷ್ಟ್ರ ಕೀರ್ತಿ ಬೆಳೆಯಿತು. ಸುತ್ತಲಿನ ನೂರೈವತ್ತು ಮೇಷ್ಟ್ರುಗಳ ತರಬೇತಿಯಲ್ಲಿ ಅವರ 'ನವೀನ ಉಪಕರಣ'ದ ಪ್ರದರ್ಶನ ಏರ್ಪಾಡಾಯಿತು. ಅವರು ಲ್ಯಾಬಕ್ಕನನ್ನೂ ಕರೆದುಕೊಂಡು ಹೋಗಲು ಕೇಳಿಕೊಂಡರು. ಅಟೆಂಡರಿಗೆ ಹೊರಗಿನ ಪ್ರಯಾಣ ನಿಯಮದಲ್ಲಿಲ್ಲ ಎಂದರು ದೊಡ್ಡ ಮೇಷ್ಟ್ರು. "ಬಕೆಟ್ಟು ಎತ್ತೋಕೆ ಯಾರಾದ್ರೂ ಆಗ್ತಾರೆ. ಬೀಗ ಕಾಯೋರು ಬೇಕಲ್ಲ." ಮೇಷ್ಟ್ರು ಒಬ್ಬರೇ ಹೋದರು.

ಅಲ್ಲಿ ನಡೆದದ್ದನ್ನು ಅವರೇ ಮಾರನೆಯ ದಿನ ಪ್ರಯೋಗಾಲಯದ ಹೊಸ್ತಿಲ ಮೇಲೆ ನಿಂತು ಹೇಳಿದರು.

"ಬಕೆಟ್ಟು ಅಲ್ಲೇ ಸಿಗತ್ತೆ ಅಂತ ಹೋದೆ ಅಕ್ಕ. ಅವರು ಕೊಟ್ಟಿದ್ದು ಅಗಲದ ಬೋಗುಣಿ. ನೀರು ಒಂದು ಗೇಣಿಲ್ಲ. ಪೈಪನ್ನ ಎಷ್ಟು ಕೆಳಗಿಳಿಸಿದ್ರೂ ಗಾಳಿ ಕಂಬ ಗಿಡ್ಡ ಆಗ್ಲೇ ಇಲ್ಲ, ಮೇಲೆತ್ತಿದ್ರೆ ಪೈಪೇ ನೀರಿಂದ ಹೊರಗೆ ಬಂತು. ನಾನು ಎತ್ತಿದ್ದು ಇಳಿಸಿದ್ದು, ಎತ್ತಿದ್ದು ಇಳಿಸಿದ್ದು. ಯಾವನೋ ಹಿಂದಿಂದ, 'ಮೇಷ್ಟ್ರೇ, ಬಾವಿಯಿಂದ ನೀರು ಸೇದ್ತಿದ್ದೀರಾ?' ಅಂದ. ಇಡೀ ಸಭೆ ನಕ್ಕುಬಿಡ್ತು."

"ನೀವೇನಂದ್ರಿ?"

"ಇವತ್ತು ಹವಾ ಸರಿ ಇಲ್ಲ ಅಂದೆ."

ಕುಣಿಯಲಾರದವಳು ನೆಲ ಡೊಂಕು ಅಂದಿದ್ದಳು. ಮೇಷ್ಟ್ರು ಹವೆಯನ್ನೇ ಡೊಂಕು ಮಾಡಿ ಬಂದಿದ್ದರು. ಲ್ಯಾಬಕ್ಕನಿಗೆ ನಗು ಬಂತು, ನಗಲಿಲ್ಲ. ಐವತ್ತೆರಡು ವರ್ಷದ ಮನುಷ್ಯ, ತಲೆ ತಗ್ಗಿಸಿ ಚೀಲದ ಹಿಡಿಕೆ ತಿರುವುತ್ತಿದ್ದರು.

"ನಾನು ಇಪ್ಪತ್ತೈದು ವರ್ಷ ಪಾಠ ಮಾಡಿದೀನಿ ಅಕ್ಕ. ಒಂದ್ಸಲಾನೂ ಆ ಶಬ್ದ ಕೇಳಿರಲಿಲ್ಲ. ಅವತ್ತು ನೀವು ಕೇಳಿಸಿದಾಗ..." ಎಂದು ನಿಲ್ಲಿಸಿದರು. "ನನಗೆ ಕಲಿಸಿ."

"ಶನಿವಾರ ಮಧ್ಯಾಹ್ನ ಮನೆಗೆ ಬನ್ನಿ," ಎಂದಳು. "ಮೊದಲು ಕಿವಿ ಕಲೀಬೇಕು. ಅದಕ್ಕೆ ನನಗಿಂತ ಒಳ್ಳೆ ಮೇಷ್ಟ್ರು ನಮ್ಮ ಮನೇಲಿದ್ದಾರೆ."

ಹೀಗೆ ನೋಟ್ಸ್ ಮೇಷ್ಟ್ರು ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು, ಪೊರೆ ಬಂದ ಮುದುಕಿಯ ಮುಂದೆ ವಿದ್ಯಾರ್ಥಿಯಾಗಿ ಹಿತ್ತಲಲ್ಲಿ ನಿಂತರು. ಅತ್ತೆ ಮೆಟ್ಟಿಲ ಮೇಲೆ ಕೂತು ಅಪ್ಪಣೆ ಕೊಟ್ಟಳು. "ಮೇಷ್ಟ್ರೇ, ಕಣ್ಣು ಮುಚ್ಚಿ. ನಲ್ಲಿ ಬಿಡಿ. ತುಂಬಿತು ಅನ್ನಿಸಿದಾಗ ನಿಲ್ಸಿ."

ಮೊದಲ ಸಲ ಕೊಡ ಅರ್ಧಕ್ಕೇ ನಿಲ್ಲಿಸಿದರು. ಎರಡನೇ ಸಲ ನೀರು ತುಂಬಿ ಉಕ್ಕಿ ಇಸ್ತ್ರಿಯನ್ನೆಲ್ಲ ತೊಳೆಯಿತು.

"ತುಂಬಿದ ಕೊಡ ತುಳುಕಲ್ಲ ಅಂತಾರೆ," ಎಂದಳು ಅತ್ತೆ, ನೀರು ಹರಿಯುವುದನ್ನು ಆಲಿಸುತ್ತ. "ನಿಮ್ಮದು ಯಾವ ಜಾತಿ ಕೊಡಾನೋ. ಸೂತ್ರ ಹೇಳ್ಕೋಬೇಡಿ ಮನಸ್ಸಲ್ಲಿ, ಕಿವಿ ಕೊಡಿ. ದನಿ ಮೇಲೆ ಮೇಲೆ ಓಡತ್ತೆ ನೋಡಿ, ಕೊನೆಗೆ ಕುತ್ತಿಗೆ ಹತ್ರ ಸರ್ರ ಅಂತ ಹಾರತ್ತೆ. ಅದು ಹಾರೋಕೆ ಮುಂಚೆ ನಿಲ್ಸಿ."

ಏಳನೇ ಕೊಡಕ್ಕೆ ಮೇಷ್ಟ್ರು ಸರಿಯಾಗಿ ಕುತ್ತಿಗೆಯಲ್ಲಿ ನಿಲ್ಲಿಸಿದರು. ಕಣ್ಣು ಬಿಟ್ಟು ನೋಡಿ ಚಿಕ್ಕ ಹುಡುಗನ ಹಾಗೆ, "ಬಂತು! ಅಮ್ಮ, ಬಂತು!" ಎಂದು ಕುಣಿದರು. ಅವರ ಬೂಟಿನ ತುಂಬ ನೀರು. ಬಡ್ತಿ ಬಂದ ದಿನ ಕೂಡ ಅವರು ಅಷ್ಟು ಖುಷಿಯಾಗಿದ್ದನ್ನು ಲ್ಯಾಬಕ್ಕ ಕಂಡಿರಲಿಲ್ಲ. ನಾಲ್ಕು ಶನಿವಾರ ಬಂದರು. ಕವೆ ಹೊಡೆಯುವುದು, ಬಾಯಿಗೆ ಹಿಡಿಯುವುದು, ಪೈಪು ಎತ್ತುವುದು ಎಲ್ಲ ಕೈಗೆ ಹತ್ತಿತು. ಆಮೇಲೆ ದೊಡ್ಡ ಮೇಷ್ಟ್ರ ಕೋಣೆಗೆ ಹೋಗಿ, ಮಕ್ಕಳ ಕೈಗೇ ಉಪಕರಣ ಕೊಡಬೇಕು, ಬೀರುಗಳನ್ನು ದಿನವೂ ತೆರೆದಿಡಬೇಕು ಎಂದು ಕೇಳಿದರು.

"ಒಡೆದ್ರೆ?"

"ಒಡೀಲಿ ಸಾರ್. ಆ ಮೇಡಂ ಮುಂದಿನ ವರ್ಷ ಮತ್ತೆ ಬರ್ತಾರಂತೆ."

ಬರುತ್ತಾರೆಂದು ಯಾರೂ ಹೇಳಿರಲಿಲ್ಲ. ಲ್ಯಾಬಕ್ಕನೇ ಆ ಮಾತನ್ನು ಕಲಿಸಿ ಕಳಿಸಿದ್ದಳು. ಜ್ಞಾನಕ್ಕೆ ಇಪ್ಪತ್ತೆರಡು ವರ್ಷ ಬಗ್ಗದ ಬೀಗ ಭಯಕ್ಕೆ ಒಂದೇ ನಿಮಿಷಕ್ಕೆ ಬಗ್ಗಿತು.

ಆ ವರ್ಷ ಎರಡು ಗಾಜಿನ ಕೊಳವೆ ಒಡೆದವು, ಒಂದು ಉಷ್ಣಮಾಪಕ ಹೋಯಿತು, ಒಂದು ಶ್ರುತಿಕವೆ ಹದಿನೈದು ದಿನ ಕಾಣೆಯಾಗಿ ಮೂರನೇ ಬೆಂಚಿನ ಚೀಲವೊಂದರಲ್ಲಿ ಪತ್ತೆಯಾಯಿತು. ಅದನ್ನು ಒಯ್ದಿದ್ದ ಹುಡುಗಿ ಮನೆಯಲ್ಲಿದ್ದ ಲೋಟ, ಬಾಟಲಿ, ಡಬ್ಬಗಳಿಗೆಲ್ಲ ಹಿಡಿದು ಯಾವ್ಯಾವುದು ಹಾಡುತ್ತದೆಂದು ಪಟ್ಟಿ ಮಾಡಿಕೊಂಡು ಬಂದಿದ್ದಳು. ಬೈಯಲು ಹೋದ ಲ್ಯಾಬಕ್ಕ ಪಟ್ಟಿ ಓದುತ್ತ ಬೈಯುವುದನ್ನು ಮರೆತಳು. ಹನ್ನೆರಡು ಬಕೆಟ್ಟು, ಹನ್ನೆರಡು ಪೈಪು, ಅರವತ್ತು ಮಕ್ಕಳು. ಗೋಡೆಯಾಚೆ ಗಣಿತದವರು ತಲೆನೋವಿನ ಮಾತ್ರೆ ಇಟ್ಟುಕೊಳ್ಳಲು ಶುರುಮಾಡಿದರು. ಅವರ ದೂರಿನ ಮೇಲೆ ದೊಡ್ಡ ಮೇಷ್ಟ್ರು ಒಂದು ಸುತ್ತೋಲೆ ಹೊರಡಿಸಿದರು: 'ಇನ್ನು ಮುಂದೆ ಶಬ್ದದ ಪಾಠವನ್ನು ನಿಶ್ಶಬ್ದವಾಗಿ ನಡೆಸತಕ್ಕದ್ದು.' ಲ್ಯಾಬಕ್ಕ ಅದನ್ನು ಸೂಚನಾ ಫಲಕಕ್ಕೆ ಅಂಟಿಸಿ, ಬಕೆಟ್ಟುಗಳನ್ನು ಮೈದಾನದ ನೀರಿನ ತೊಟ್ಟಿಯ ಪಕ್ಕಕ್ಕೆ ಸಾಗಿಸಿದಳು.

ಅಲ್ಲೇ ಒಂದು ಬೆಳಗ್ಗೆ, ಕವೆ ಕದ್ದಿದ್ದ ಹುಡುಗಿಯ ಗುಂಪು ಎರಡು ಅಳತೆ ತೆಗೆಯಿತು. ಮೊದಲ ದನಿ ಹದಿನೈದು ಪಾಯಿಂಟ್ ಒಂಬತ್ತು ಸೆಂಟಿಮೀಟರಿಗೆ, ಎರಡನೆಯದು ನಲವತ್ತೆಂಟು ಪಾಯಿಂಟ್ ಎಂಟಕ್ಕೆ. ಕವೆಯ ಮೇಲೆ ಕೆತ್ತಿದ್ದ ಕಂಪನದ ಸಂಖ್ಯೆ ಐನೂರ ಹನ್ನೆರಡನ್ನು ಹಿಡಿದು ಲೆಕ್ಕ ಹಾಕಿದರೆ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಮುನ್ನೂರ ಮೂವತ್ತೇಳು ಮೀಟರ್. ನೋಟ್ಸಿನಲ್ಲಿದ್ದದ್ದು ಮುನ್ನೂರ ನಲವತ್ತು. ಮೇಷ್ಟ್ರ ಕೈ ತನ್ನಷ್ಟಕ್ಕೇ ಕೆಂಪು ಪೆನ್ನಿಗೆ ಹೋಯಿತು.

"ನಲವತ್ತು ಮಾಡಮ್ಮ ಇದನ್ನ. ಪರೀಕ್ಷೇಲಿ ಅದನ್ನೇ ಕೇಳೋದು."

ಹುಡುಗಿ ಅಲ್ಲಾಡಲಿಲ್ಲ. "ನಮಗೆ ಬಂದಿದ್ದು ಮೂವತ್ತೇಳು ಸಾರ್. ಮೂರು ಸಲ ಮಾಡಿದ್ವಿ."

ಮೇಷ್ಟ್ರು ಲ್ಯಾಬಕ್ಕನ ಕಡೆ ನೋಡಿದರು. ಅವಳು ಚಪ್ಪಲಿಯನ್ನು ತೊಳೆದು ಬಿಸಿಲಿಗಿಡುವುದರಲ್ಲಿ ಮಗ್ನಳಾದವಳಂತೆ ಬೆನ್ನು ತಿರುಗಿಸಿ ಕೂತಳು. ಮೇಷ್ಟ್ರು ಒಂದು ನಿಟ್ಟುಸಿರು ಬಿಟ್ಟು, ಪೈಪು ತೆಗೆದುಕೊಂಡು ತಾವೇ ಇನ್ನೊಂದು ಸಲ ಅಳೆದರು. ಆಮೇಲೆ ಮುನ್ನೂರ ಮೂವತ್ತೇಳರ ಪಕ್ಕದಲ್ಲಿ, ಮುತ್ತಿನಂಥ ಅಕ್ಷರದಲ್ಲಿ, 'ಸರಿ' ಎಂದು ಬರೆದು ಸಹಿ ಹಾಕಿದರು.